ಕರ್ಮಪದ ಬಿಟ್ಟರೂ ಇಂಗ್ಲಿಷ್ ವಾಕ್ಯ ಸರಿಯಾಗುವುದು ಯಾವಾಗ?

'ಐ ನೋ' ಎಂದರೆ ಸರಿ, 'ಐ ಲೈಕ್' ಎಂದರೆ ತಪ್ಪು. ಪಂದ್ಯ ಮುಗಿದಾಗ 'ವಿ ವನ್' ಎಂದು ಕೂಗಬಹುದು. ಆದರೆ ಪ್ರವಾಸ ಮುಗಿಸಿ ಬಂದು 'ವಿ ಎಂಜಾಯ್ಡ್' ಎಂದು ನಿಲ್ಲಿಸಿದರೆ, ಮುಂದೆ ಇನ್ನೇನೋ ಬರಲಿದೆ ಎಂದು ಇಂಗ್ಲಿಷ್ ಮನೆಮಾತಿನವರು ಕಾಯುತ್ತಾರೆ. 'ಐ ಟ್ರೈಡ್' ಪೂರ್ಣ ವಾಕ್ಯ. ಹೆಚ್ಚುಕಡಿಮೆ ಅದೇ ಅರ್ಥದ 'ಐ ಅಟೆಂಪ್ಟೆಡ್' ಅರ್ಧಕ್ಕೆ ನಿಂತ ವಾಕ್ಯ.

ಕನ್ನಡದಲ್ಲಿ ನಮಗೆ ಈ ತಲೆನೋವಿಲ್ಲ. 'ಗೊತ್ತು', 'ಇಷ್ಟ', 'ಗೆದ್ವಿ', 'ಕೊಟ್ಟೆ', 'ನೋಡಿದೆ' ಎಲ್ಲವೂ ಒಂದೇ ಪದದಲ್ಲಿ ಮುಗಿಯುತ್ತವೆ. ಹಾಗಾಗಿ ಇಂಗ್ಲಿಷ್ ಮಾತನಾಡುವಾಗ 'ಇಟ್' ಎಂಬ ಪುಟ್ಟ ಪದವನ್ನು ನಾವು ಎಷ್ಟೋ ಸಲ ಬಿಟ್ಟುಬಿಡುತ್ತೇವೆ. ಕೇಳಿದವರು ನಗುತ್ತಾರೆ, ಸಂದರ್ಶನದಲ್ಲಿ ಕುಳಿತವರು ಹುಬ್ಬೇರಿಸುತ್ತಾರೆ, ಕನ್ನಡ ಮಾಧ್ಯಮದಲ್ಲಿ ಓದಿದವರು ತಮಗೆ ವ್ಯಾಕರಣವೇ ಬರುವುದಿಲ್ಲ ಎಂದುಕೊಳ್ಳುತ್ತಾರೆ.

ಹಾಗಾದರೆ ಕರ್ಮಪದವನ್ನು ಯಾವಾಗ ಬಿಡಬಹುದು, ಯಾವಾಗ ಬಿಡಬಾರದು? ಇದಕ್ಕೆ ನಿಯಮ ಇದೆಯೇ ಅಥವಾ ಬಾಯಿಪಾಠವೇ ಗತಿಯೇ? ಬನ್ನಿ, ತಿಳಿಯೋಣ.

ಶಾಲೆಯಲ್ಲಿ ಕಲಿತ ನಿಯಮ ಎಷ್ಟು ಸರಿ?

ಶಾಲೆಯಲ್ಲಿ ನಾವು ಕ್ರಿಯಾಪದಗಳನ್ನು ಎರಡು ಡಬ್ಬಿಗಳಲ್ಲಿ ಹಾಕಿದ್ದೆವು. 'ಏನನ್ನು?' ಅಥವಾ 'ಯಾರನ್ನು?' ಎಂದು ಕೇಳಿದಾಗ ಉತ್ತರ ಸಿಕ್ಕರೆ ಸಕರ್ಮಕ, ಸಿಗದಿದ್ದರೆ ಅಕರ್ಮಕ. ರಾಮ ಹಣ್ಣನ್ನು ತಿಂದನು. ಏನನ್ನು ತಿಂದನು? ಹಣ್ಣನ್ನು. ಆದ್ದರಿಂದ 'ತಿನ್ನು' ಸಕರ್ಮಕ. ಮಗು ಮಲಗಿತು. ಏನನ್ನು ಮಲಗಿತು? ಪ್ರಶ್ನೆಯೇ ಅಸಂಬದ್ಧ. ಆದ್ದರಿಂದ 'ಮಲಗು' ಅಕರ್ಮಕ.

ಇಂಗ್ಲಿಷ್ ಪಾಠದಲ್ಲಿ ಇವೇ ಎರಡು ಡಬ್ಬಿಗಳು 'ಟ್ರಾನ್ಸಿಟಿವ್' ಮತ್ತು 'ಇನ್‌ಟ್ರಾನ್ಸಿಟಿವ್' ಎಂಬ ಹೆಸರಲ್ಲಿ ಬಂದವು. ಜೊತೆಗೆ ಒಂದು ನಂಬಿಕೆಯೂ ಬಂತು: ಸಕರ್ಮಕ ಕ್ರಿಯಾಪದದ ಪಕ್ಕ ಕರ್ಮಪದ ಇರಲೇಬೇಕು, ಇಲ್ಲದಿದ್ದರೆ ವಾಕ್ಯ ಅಪೂರ್ಣ.

ಈ ನಂಬಿಕೆ ಪೂರ್ತಿ ನಿಜವಲ್ಲ. 'ಈಟ್' ಸಕರ್ಮಕ ಎನ್ನುವುದರಲ್ಲಿ ಅನುಮಾನವಿಲ್ಲ, ಆದರೂ 'ಐ ಹ್ಯಾವ್ ಈಟನ್' ಎಂದು ದಿನವೂ ಹೇಳುತ್ತಾರೆ. 'ಶಿ ಈಸ್ ರೀಡಿಂಗ್', 'ಹಿ ಡ್ರೈವ್ಸ್', 'ದೇ ಆರ್ ಕುಕಿಂಗ್' ಯಾವುದರಲ್ಲೂ ಕರ್ಮವಿಲ್ಲ, ಆದರೆ ಯಾವುದೂ ತಪ್ಪಲ್ಲ.

ಅಮೆರಿಕದ ಭಾಷಾವಿಜ್ಞಾನಿ ಬೆತ್ ಲೆವಿನ್ 1993ರಲ್ಲಿ ಇಂಗ್ಲಿಷ್ ಕ್ರಿಯಾಪದಗಳ ಒಂದು ದೊಡ್ಡ ವರ್ಗೀಕರಣ ಪ್ರಕಟಿಸಿದರು. ಮೂರು ಸಾವಿರಕ್ಕೂ ಹೆಚ್ಚು ಕ್ರಿಯಾಪದಗಳು ಯಾವ ಯಾವ ರೀತಿಯ ವಾಕ್ಯಗಳಲ್ಲಿ ಬರುತ್ತವೆ ಎಂದು ಅದರಲ್ಲಿ ವಿಂಗಡಿಸಲಾಗಿದೆ. ಅರ್ಥದಲ್ಲಿ ಹತ್ತಿರ ಇರುವ ಕ್ರಿಯಾಪದಗಳು ವಾಕ್ಯದಲ್ಲೂ ಸಾಮಾನ್ಯವಾಗಿ ಒಂದೇ ರೀತಿ ನಡೆದುಕೊಳ್ಳುತ್ತವೆ ಎಂಬುದು ಅದರ ಮೂಲ ವಿಚಾರ. ಅಂದರೆ ಕರ್ಮ ಬಿಡುವುದು ಸೋಮಾರಿತನವಲ್ಲ, ಕ್ರಿಯಾಪದದ ಅರ್ಥಕ್ಕೂ ಅದಕ್ಕೂ ನಂಟಿದೆ.

ಕಾಣದ ಕರ್ಮ ಎರಡು ಬಗೆ

ಇಲ್ಲಿ ಮುಖ್ಯವಾದ ಹೆಜ್ಜೆ ಇಟ್ಟವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದಲ್ಲಿದ್ದ ಚಾರ್ಲ್ಸ್ ಫಿಲ್‌ಮೋರ್. 1986ರ ಒಂದು ಪ್ರಬಂಧದಲ್ಲಿ ಅವರು ತೋರಿಸಿದ್ದು ಇದು: ವಾಕ್ಯದಲ್ಲಿ ಕರ್ಮ ಕಾಣದಿದ್ದರೂ ಕೇಳುಗನ ಮನಸ್ಸಿನಲ್ಲಿ ಆ ಜಾಗ ಖಾಲಿ ಉಳಿಯುವುದಿಲ್ಲ. ಕೇಳುಗ ಅದನ್ನು ತುಂಬಿಕೊಳ್ಳುತ್ತಾನೆ. ತುಂಬಿಕೊಳ್ಳುವ ರೀತಿ ಎರಡು.

ಮೊದಲನೆಯದು, 'ಏನೋ ಒಂದು, ಯಾವುದಾದರೇನು' ಎಂಬ ಬಗೆ. 'ಶಿ ಈಸ್ ರೀಡಿಂಗ್' ಎಂದಾಗ ಆಕೆ ಏನನ್ನೋ ಓದುತ್ತಿದ್ದಾಳೆ. ಕಾದಂಬರಿಯೋ ಪತ್ರಿಕೆಯೋ ಹೇಳುವವನಿಗೂ ಗೊತ್ತಿರಬೇಕಿಲ್ಲ.

ಎರಡನೆಯದು, 'ಅದೇ, ನಿನಗೂ ಗೊತ್ತಲ್ಲ' ಎಂಬ ಬಗೆ. 'ಶಿ ನೋಟಿಸ್ಡ್' ಎಂದಾಗ ಆಕೆ ಯಾವುದನ್ನು ಗಮನಿಸಿದಳು ಎಂಬುದು ಮಾತನಾಡುತ್ತಿರುವ ಇಬ್ಬರಿಗೂ ಮೊದಲೇ ತಿಳಿದಿರಬೇಕು. ಏನೂ ಹಿನ್ನೆಲೆಯಿಲ್ಲದೆ ಯಾರಾದರೂ ಹಾಗೆಂದರೆ, 'ಏನನ್ನು?' ಎಂದು ಕೇಳದೆ ವಿಧಿಯಿಲ್ಲ.

ಎರಡನ್ನೂ ಬೇರ್ಪಡಿಸಲು ಒಂದು ಸುಲಭ ಪರೀಕ್ಷೆ ಇದೆ. ವಾಕ್ಯದ ಮುಂದೆ 'ಏನೆಂದು ನನಗೆ ಗೊತ್ತಿಲ್ಲ' ಎಂದು ಸೇರಿಸಿ ನೋಡಿ. 'ಅವಳು ಓದುತ್ತಿದ್ದಳು, ಏನೆಂದು ನನಗೆ ಗೊತ್ತಿಲ್ಲ' ಎಂದು ಇಂಗ್ಲಿಷ್‌ನಲ್ಲಿ ಹೇಳಿದರೆ ಸಹಜವಾಗಿದೆ. 'ಅವಳು ಗಮನಿಸಿದಳು, ಏನನ್ನು ಎಂದು ನನಗೆ ಗೊತ್ತಿಲ್ಲ' ಎಂದರೆ ವಿಚಿತ್ರವಾಗಿ ಕೇಳಿಸುತ್ತದೆ. ಏನೆಂದು ಗೊತ್ತಿಲ್ಲದಿದ್ದರೆ ಕರ್ಮವನ್ನು ಬಿಟ್ಟದ್ದಾದರೂ ಯಾವ ಧೈರ್ಯದಿಂದ?

ಫಿಲ್‌ಮೋರ್ ಮುಂದೆ 1997ರಲ್ಲಿ ಬರ್ಕ್ಲಿಯಲ್ಲೇ ಆರಂಭಿಸಿದ 'ಫ್ರೇಮ್‌ನೆಟ್' ಎಂಬ ಪದಕೋಶ ಯೋಜನೆಯಲ್ಲಿ, ವಾಕ್ಯದಲ್ಲಿ ಕಾಣದ ಇಂಥ ಭಾಗಗಳಿಗೂ ಗುರುತು ಹಾಕಲಾಗುತ್ತದೆ. ಇಲ್ಲದಿರುವುದಕ್ಕೂ ಅರ್ಥವಿದೆ ಎಂದಾದ ಮೇಲೆ ಅದನ್ನೂ ದಾಖಲಿಸಲೇಬೇಕಲ್ಲವೇ?

'ಏನೋ ಒಂದು' ನಿಜವಾಗಿಯೂ ಏನೋ ಒಂದೇ?

ಇಲ್ಲ. ಮೊದಲ ಬಗೆಯಲ್ಲಿ ಒಂದು ಗುಟ್ಟಿದೆ. ಕೇಳುಗ ಆ ಖಾಲಿ ಜಾಗವನ್ನು ಯಾವುದರಿಂದಾದರೂ ತುಂಬುವುದಿಲ್ಲ, ಆ ಕ್ರಿಯೆಗೆ ರೂಢಿಯಲ್ಲಿರುವ ವಸ್ತುವಿನಿಂದಲೇ ತುಂಬುತ್ತಾನೆ.

'ಹಿ ಡ್ರಿಂಕ್ಸ್' ಎಂದರೆ ನೀರಲ್ಲ, ಮಜ್ಜಿಗೆಯೂ ಅಲ್ಲ, ಮದ್ಯ. 'ಹಿ ಸ್ಮೋಕ್ಸ್' ಎಂದರೆ ತಂಬಾಕು. 'ಶಿ ಈಸ್ ಎಕ್ಸ್‌ಪೆಕ್ಟಿಂಗ್' ಎಂದರೆ ಅತಿಥಿಯನ್ನೋ ಪಾರ್ಸೆಲನ್ನೋ ಎದುರು ನೋಡುತ್ತಿದ್ದಾಳೆ ಎಂದಲ್ಲ, ಗರ್ಭಿಣಿ ಎಂದು. 'ಹಿ ಪ್ರಪೋಸ್ಡ್' ಎಂದರೆ ಮದುವೆಯ ಪ್ರಸ್ತಾಪ. 'ಶಿ ಬೇಕ್ಸ್' ಎಂದರೆ ಬ್ರೆಡ್ಡು, ಕೇಕು. ಆಲೂಗಡ್ಡೆಯನ್ನು ಒಲೆಯಲ್ಲಿ ಬೇಯಿಸಿದವರ ಬಗ್ಗೆ ಯಾರೂ ಹಾಗೆ ಹೇಳುವುದಿಲ್ಲ.

ಕನ್ನಡವೂ ಇಲ್ಲಿ ಇಂಗ್ಲಿಷ್‌ನ ಜೊತೆಗೇ ನಡೆಯುತ್ತದೆ. 'ಅವನು ಕುಡೀತಾನೆ', 'ಅವನು ಸೇದ್ತಾನೆ' ಎಂಬುದಕ್ಕೆ ವಿವರಣೆ ಬೇಕಿಲ್ಲ. 'ಈ ಎಮ್ಮೆ ಹೊತ್ತಿಗೆ ಎಷ್ಟು ಕೊಡುತ್ತೆ?' ಎಂದರೆ ಹಾಲು. 'ಆ ಆಫೀಸರ್ ತಗೊಳಲ್ಲ' ಎಂದರೆ ಲಂಚ. ಅದೇ 'ನೀವು ತಗೊಳ್ತೀರಾ?' ಎಂದು ಮದುವೆಯ ಹಿಂದಿನ ರಾತ್ರಿ ಯಾರಾದರೂ ಕಿವಿಯಲ್ಲಿ ಕೇಳಿದರೆ ಅದು ಲಂಚವಲ್ಲ!

ಈ ಪಟ್ಟಿಯನ್ನು ಗಮನಿಸಿದರೆ ಇನ್ನೊಂದು ವಿಷಯ ಹೊಳೆಯುತ್ತದೆ. ಬಿಟ್ಟುಹೋಗುವ ಕರ್ಮ ಹಲವು ಸಲ ಬಾಯಿಬಿಟ್ಟು ಹೇಳಲು ಮುಜುಗರವಾಗುವಂಥದ್ದು: ಮದ್ಯ, ಲಂಚ, ಗರ್ಭ. ಇಂಗ್ಲಿಷ್‌ನಲ್ಲಿ 'ಹಿ ಯೂಸಸ್' ಎಂದರೆ ಮಾದಕ ವಸ್ತು ಬಳಸುತ್ತಾನೆ ಎಂದು. ಹೆಸರು ಹೇಳದೆಯೇ ಹೇಳುವ ದಾರಿ ಇದು, ಎರಡೂ ಭಾಷೆಗಳಿಗೆ ಗೊತ್ತಿರುವ ದಾರಿ.

ಇದು ಆರೋಗ್ಯಕ್ಕೆ ಸಂಬಂಧಿಸಿದ ವಿಷಯವೂ ಹೌದು

'ಹ್ಯಾವ್ ಯೂ ಈಟನ್?' ಎಂಬ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಇಲ್ಲಿ ಕರ್ಮವಿಲ್ಲ. ರೂಢಿಯ ಪ್ರಕಾರ ಕೇಳುಗ ತುಂಬಿಕೊಳ್ಳುವುದು 'ಒಂದು ಹೊತ್ತಿನ ಊಟ' ಎಂಬುದನ್ನು. ನಾಲ್ಕು ಕಡಲೆಬೀಜ ಬಾಯಿಗೆ ಹಾಕಿಕೊಂಡವರು 'ಐ ಹ್ಯಾವ್ ಈಟನ್' ಎನ್ನುವುದಿಲ್ಲ. ಕನ್ನಡದಲ್ಲಿ ಇದು ಇನ್ನೂ ಬಿಗಿ. 'ಊಟ ಆಯ್ತಾ?' ಎಂದು ಕೇಳಿದರೆ ಎರಡು ಇಡ್ಲಿ ತಿಂದವರೂ 'ಇನ್ನೂ ಇಲ್ಲ, ತಿಂಡಿ ಆಯ್ತು ಅಷ್ಟೇ' ಎನ್ನುತ್ತಾರೆ. ಕಾಫಿ, ಬಿಸ್ಕತ್ತು ಲೆಕ್ಕಕ್ಕೇ ಬರುವುದಿಲ್ಲ.

ಮನೆಯಲ್ಲಿ ಇದರಿಂದ ತೊಂದರೆಯಿಲ್ಲ. ಆಸ್ಪತ್ರೆಯಲ್ಲಿ ಇದೆ.

ಖಾಲಿ ಹೊಟ್ಟೆಯ ಸಕ್ಕರೆ ಪರೀಕ್ಷೆ ಎಂದರೆ ಕನಿಷ್ಠ 8 ಗಂಟೆಗಳ ಕಾಲ ಕ್ಯಾಲೊರಿ ಇರುವ ಯಾವುದೂ ಹೊಟ್ಟೆಗೆ ಹೋಗಿರಬಾರದು. ನೀರು ಪರವಾಗಿಲ್ಲ. ಆದರೆ ಹಾಲು, ಸಕ್ಕರೆ ಹಾಕಿದ ಅರ್ಧ ಲೋಟ ಕಾಫಿಯೂ ಫಲಿತಾಂಶವನ್ನು ಬದಲಿಸಬಹುದು. 'ಊಟ ಮಾಡಿದ್ರಾ?' ಎಂಬ ಪ್ರಶ್ನೆಗೆ ಕಾಫಿ ಕುಡಿದವರು 'ಇಲ್ಲ' ಎಂದರೆ ಅವರು ಸುಳ್ಳು ಹೇಳಿಲ್ಲ, ಪ್ರಶ್ನೆಗೆ ಸರಿಯಾಗಿಯೇ ಉತ್ತರಿಸಿದ್ದಾರೆ.

ಶಸ್ತ್ರಚಿಕಿತ್ಸೆಗೆ ಮುನ್ನ ಇದು ಇನ್ನೂ ಗಂಭೀರ. ಅರಿವಳಿಕೆ ಕೊಟ್ಟಾಗ ನುಂಗುವ, ಕೆಮ್ಮುವ ಪ್ರತಿಕ್ರಿಯೆಗಳು ಕೆಲಸ ಮಾಡುವುದಿಲ್ಲ. ಹೊಟ್ಟೆಯಲ್ಲಿ ಆಹಾರ ಉಳಿದಿದ್ದರೆ ಅದು ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಹಾಗಾಗಿಯೇ ವಯಸ್ಕರಿಗೆ ಸಾಮಾನ್ಯವಾಗಿ ಲಘು ಆಹಾರವನ್ನು ಕನಿಷ್ಠ 6 ಗಂಟೆ ಮೊದಲು, ನೀರಿನಂಥ ತಿಳಿಯಾದ ದ್ರವಗಳನ್ನು 2 ಗಂಟೆ ಮೊದಲು ನಿಲ್ಲಿಸಲು ಹೇಳುತ್ತಾರೆ. ನಿಮ್ಮ ವೈದ್ಯರು ಬೇರೆ ಸಮಯ ಹೇಳಿದ್ದರೆ ಅದನ್ನೇ ಪಾಲಿಸಬೇಕು.

ಇಲ್ಲಿ ಪರಿಹಾರ ಔಷಧದಲ್ಲಿಲ್ಲ, ವ್ಯಾಕರಣದಲ್ಲಿದೆ. ಬಿಟ್ಟ ಕರ್ಮವನ್ನು ಮರಳಿ ತರಬೇಕು. 'ಹ್ಯಾವ್ ಯೂ ಈಟನ್?' ಬದಲು 'ಹ್ಯಾವ್ ಯೂ ಈಟನ್ ಆರ್ ಡ್ರಂಕ್ ಎನಿಥಿಂಗ್?' ಎಂದು ಕೇಳಬೇಕು. ಕನ್ನಡದಲ್ಲಾದರೆ 'ಊಟ ಆಯ್ತಾ?' ಬದಲು 'ಬೆಳಿಗ್ಗೆಯಿಂದ ಏನಾದ್ರೂ ಬಾಯಿಗೆ ಹಾಕ್ಕೊಂಡ್ರಾ? ಕಾಫಿ, ಹಾಲು, ಬಿಸ್ಕತ್ತು, ಎಲೆ ಅಡಿಕೆ?' ಎಂದು ಹೆಸರಿಸಿ ಕೇಳಬೇಕು. ಕೇಳದಿದ್ದರೆ ರೋಗಿಯ ಕಡೆಯವರೇ ಹೇಳಿಬಿಡುವುದು ಒಳ್ಳೆಯದು.

'ನಿನಗೂ ಗೊತ್ತಲ್ಲ' ಬಗೆಯಲ್ಲಿ ಯಾವ ಯಾವ ಪದಗಳಿವೆ?

ಈಗ ಎರಡನೆಯ ಬಗೆಗೆ ಬರೋಣ. 'ಐ ನೋ', 'ಐ ಫರ್ಗಾಟ್', 'ಐ ಅಂಡರ್‌ಸ್ಟ್ಯಾಂಡ್', 'ಶಿ ಫೌಂಡ್ ಔಟ್', 'ದೇ ರಿಫ್ಯೂಸ್ಡ್', 'ಐ ಟ್ರೈಡ್', 'ವಿ ವನ್', 'ವಿ ಲಾಸ್ಟ್'. ಇವೆಲ್ಲ ಕರ್ಮವಿಲ್ಲದೆ ನಿಲ್ಲುತ್ತವೆ, ಆದರೆ ವಿಷಯ ಏನೆಂದು ಮೊದಲೇ ಪ್ರಸ್ತಾಪವಾಗಿರಬೇಕು.

ಇಲ್ಲಿ ಎಚ್ಚರ ಬೇಕಾದದ್ದು ಎರಡು ಕಡೆ.

ಒಂದು, ಅರ್ಥ ಹತ್ತಿರವಿದ್ದರೂ ಪದ ಬದಲಾದರೆ ಅನುಮತಿ ಹೋಗುತ್ತದೆ. 'ಶಿ ಫೌಂಡ್ ಔಟ್' ಸರಿ, 'ಶಿ ಡಿಸ್ಕವರ್ಡ್' ಅಪೂರ್ಣ. 'ಐ ಟ್ರೈಡ್' ಸರಿ, 'ಐ ಅಟೆಂಪ್ಟೆಡ್' ಅಪೂರ್ಣ. ಮೊದಲ ಬಗೆಯಲ್ಲೂ ಹೀಗೇ: 'ಈಟ್' ಕರ್ಮ ಬಿಡುತ್ತದೆ, ಗಬಗಬನೆ ತಿನ್ನುವುದು ಎಂಬ ಅರ್ಥದ 'ಡಿವೌರ್' ಬಿಡುವುದಿಲ್ಲ.

ಎರಡು, ಒಂದೇ ಪದಕ್ಕೆ ಎರಡು ಬಗೆಯ ಕರ್ಮ ಇದ್ದಾಗ ಒಂದನ್ನು ಬಿಡಬಹುದು, ಇನ್ನೊಂದನ್ನು ಬಿಡಲಾಗದು. 'ವಿ ವನ್' ಎಂದರೆ ಪಂದ್ಯ ಗೆದ್ದೆವು. ಚಿನ್ನದ ಪದಕ ಗೆದ್ದ ಬಗ್ಗೆ ಹೇಳಬೇಕಾದರೆ ಪದಕದ ಹೆಸರು ಬೇಕೇ ಬೇಕು. 'ಐ ಲಾಸ್ಟ್' ಎಂದರೆ ಆಟದಲ್ಲಿ ಸೋತೆ. ಬೀಗದ ಕೈ ಎಲ್ಲಿ ಎಂದು ಕೇಳಿದಾಗ 'ಐ ಲಾಸ್ಟ್' ಎಂದರೆ ಕೇಳಿದವರು, ನೀವು ಯಾವ ಆಟದಲ್ಲಿ ಸೋತಿರಿ ಎಂದು ಗೊಂದಲಪಡುತ್ತಾರೆ. ಅಲ್ಲಿ 'ಐ ಲಾಸ್ಟ್ ಇಟ್' ಎನ್ನಲೇಬೇಕು. ಕನ್ನಡದಲ್ಲಿ 'ಸೋತೆ', 'ಕಳಕೊಂಡೆ' ಎಂದು ಎರಡು ಬೇರೆ ಪದಗಳಿರುವುದರಿಂದ ನಮಗೆ ಈ ಗೊಂದಲ ಗೊತ್ತೇ ಆಗುವುದಿಲ್ಲ.

ಕನ್ನಡ ಮಾತನಾಡುವವರು ಎಡವುವುದು ಎಲ್ಲಿ?

ಈ ಸಂಭಾಷಣೆ ನೋಡಿ.

'ಪುಸ್ತಕ ತಂದ್ಯಾ?'
'ತಂದೆ.'
'ಎಲ್ಲಿಟ್ಟೆ?'
'ಮೇಜಿನ ಮೇಲೆ ಇಟ್ಟೆ.'

ಮೊದಲ ಸಾಲಿನಲ್ಲಿ ಒಮ್ಮೆ ಪುಸ್ತಕ ಬಂತು. ಆಮೇಲೆ ಅದರ ಸುದ್ದಿಯೇ ಇಲ್ಲ, ಆದರೂ ಎಲ್ಲಿಯೂ ಅನುಮಾನವಿಲ್ಲ. ಪ್ರತಿ ವಾಕ್ಯದಲ್ಲೂ 'ಅದನ್ನು' ಎಂದು ಸೇರಿಸಿದರೆ ಕನ್ನಡ ಕೃತಕವಾಗುತ್ತದೆ. ನಮ್ಮ ನಿಯಮ ಸರಳ: ಯಾವುದರ ಬಗ್ಗೆ ಮಾತು ಎಂದು ಸಂದರ್ಭದಿಂದ ಗೊತ್ತಾದರೆ ಸಾಕು, ಯಾವ ಕ್ರಿಯಾಪದವಾದರೂ ಕರ್ಮ ಬಿಡಬಹುದು. ಜಪಾನಿ, ಕೊರಿಯನ್, ಚೀನೀ ಭಾಷೆಗಳಲ್ಲೂ ಗೊತ್ತಿರುವ ಕರ್ಮವನ್ನು ಹೀಗೆ ಬಿಡುತ್ತಾರೆ.

ಇಂಗ್ಲಿಷ್ ಹಾಗಲ್ಲ. ಅಲ್ಲಿ ಸಂದರ್ಭ ಒಂದೇ ಸಾಲದು, ಕ್ರಿಯಾಪದವೂ ಒಪ್ಪಬೇಕು. ಮೇಲಿನ ಸಂಭಾಷಣೆಯ ಪ್ರತಿ ಉತ್ತರದಲ್ಲೂ 'ಐ ಬ್ರಾಟ್ ಇಟ್', 'ಐ ಪುಟ್ ಇಟ್ ಆನ್ ದ ಟೇಬಲ್' ಎಂದು 'ಇಟ್' ಬರಲೇಬೇಕು. ಒಂದೇ ಸಾಲಿನಲ್ಲಿ ಹೇಳುವುದಾದರೆ, ಕರ್ಮ ಬಿಡುವ ಅನುಮತಿಯನ್ನು ಕನ್ನಡದಲ್ಲಿ ಸಂದರ್ಭ ಕೊಡುತ್ತದೆ, ಇಂಗ್ಲಿಷ್‌ನಲ್ಲಿ ಹೆಚ್ಚಾಗಿ ಕ್ರಿಯಾಪದ ಕೊಡುತ್ತದೆ.

ನಾವು ಕನ್ನಡದ ನಿಯಮವನ್ನು ಇಂಗ್ಲಿಷ್‌ಗೆ ಒಯ್ದಾಗ ಬರೀ 'ತಪ್ಪು' ಆಗುವುದಿಲ್ಲ, ಕೆಲವೊಮ್ಮೆ ಅರ್ಥವೇ ಬೇರೆಯಾಗುತ್ತದೆ. 'ಇಲ್ಲಿಟ್ಟ ಮಾವಿನಹಣ್ಣು ಎಲ್ಲಿ?' ಎಂಬುದಕ್ಕೆ 'ತಿಂದೆ' ಎಂದರೆ ಕನ್ನಡದಲ್ಲಿ ತಪ್ಪೊಪ್ಪಿಗೆ. ಇಂಗ್ಲಿಷ್‌ನಲ್ಲಿ 'ಐ ಏಟ್' ಎಂದರೆ 'ನನ್ನದು ಊಟ ಆಯಿತು' ಎಂಬ ಸಂಬಂಧವಿಲ್ಲದ ಸುದ್ದಿ! 'ಈಟ್' ತನ್ನ ಕರ್ಮವನ್ನು ಬಿಡುವುದು ಅದು 'ಏನೋ ಒಂದು' ಆಗಿದ್ದಾಗ ಮಾತ್ರ, 'ಅದೇ ಮಾವಿನಹಣ್ಣು' ಆಗಿದ್ದಾಗ ಅಲ್ಲ.

'ಎಂಜಾಯ್' ಕಥೆ ಇನ್ನೂ ಸ್ವಾರಸ್ಯಕರ. 'ನಿನ್ನೆ ಸಖತ್ ಎಂಜಾಯ್ ಮಾಡಿದ್ವಿ' ಎಂಬುದು ಈಗ ಅಪ್ಪಟ ಕನ್ನಡ ವಾಕ್ಯ. ಅದನ್ನೇ ಇಂಗ್ಲಿಷ್‌ಗೆ ತಂದು 'ವಿ ಎಂಜಾಯ್ಡ್ ಎ ಲಾಟ್' ಎನ್ನುತ್ತೇವೆ. ಬ್ರಿಟನ್, ಅಮೆರಿಕದ ಇಂಗ್ಲಿಷ್‌ನಲ್ಲಿ ಅದು 'ವಿ ಎಂಜಾಯ್ಡ್ ಇಟ್' ಅಥವಾ 'ವಿ ಎಂಜಾಯ್ಡ್ ಅವರ್‌ಸೆಲ್ವ್ಸ್' ಆಗಬೇಕು. ಆದರೆ ಅಲ್ಲಿನ ಹೋಟೆಲಿನಲ್ಲಿ ತಟ್ಟೆ ಇಡುತ್ತಾ 'ಎಂಜಾಯ್!' ಎಂದು ಕರ್ಮವಿಲ್ಲದೆ ಹೇಳುವುದು ಮಾಮೂಲು. ಅಂದರೆ ಈ ಅನುಮತಿಗಳು ಕಲ್ಲಿನ ಮೇಲೆ ಕೆತ್ತಿದವಲ್ಲ, ಬದಲಾಗುತ್ತವೆ.

ಹಾಗಾಗಿ 'ಐ ಲೈಕ್' ಎಂದವರಿಗೆ ವ್ಯಾಕರಣ ಗೊತ್ತಿಲ್ಲ ಎಂದು ನಗುವುದು ಅವೈಜ್ಞಾನಿಕ. ಅವರಿಗೆ ಒಂದು ವ್ಯಾಕರಣ ಚೆನ್ನಾಗಿಯೇ ಗೊತ್ತಿದೆ, ಅದನ್ನು ತಪ್ಪದೆ ಪಾಲಿಸಿದ್ದಾರೆ. ಅದು ಇಂಗ್ಲಿಷ್‌ನ ವ್ಯಾಕರಣ ಅಲ್ಲ ಅಷ್ಟೇ. ಭಾರತದ ಮತ್ತು ಸಿಂಗಪುರದ ಇಂಗ್ಲಿಷ್‌ಗಳಲ್ಲಿ ಈ ಕರ್ಮಲೋಪ ಒಂದು ಲಕ್ಷಣವೆಂದೇ ಸಂಶೋಧಕರು ಗುರುತಿಸಿದ್ದಾರೆ. ಪರೀಕ್ಷೆಗೋ ಕೆಲಸಕ್ಕೋ ಬೇರೆ ರೂಪ ಬೇಕಾದರೆ ಕಲಿಯೋಣ, ನಾಚಿಕೆಪಡಬೇಕಿಲ್ಲ.

ಕೆಲವು ಕ್ರಿಯಾಪದಗಳು ಏಕೆ ಹಟಮಾರಿ?

'ಸ್ವೀಪ್' ಎಂದರೆ ಗುಡಿಸು, 'ಬ್ರೇಕ್' ಎಂದರೆ ಒಡೆ. 'ಶಿ ಈಸ್ ಸ್ವೀಪಿಂಗ್' ಸರಿ. ಆದರೆ ಆಕೆ ಏನನ್ನೋ ಒಡೆದಳು ಎಂಬ ಅರ್ಥದಲ್ಲಿ 'ಶಿ ಬ್ರೋಕ್' ಎನ್ನುವಂತಿಲ್ಲ.

ಮಲ್ಕಾ ರಪ್ಪಾಪೋರ್ಟ್ ಹೋವಾವ್ ಮತ್ತು ಬೆತ್ ಲೆವಿನ್ ಇದಕ್ಕೆ ಕೊಟ್ಟ ವಿವರಣೆ ಹೀಗಿದೆ. ಕೆಲವು ಕ್ರಿಯಾಪದಗಳು ಮಾಡುವವರು ಏನು ಮಾಡುತ್ತಾರೆ, ಹೇಗೆ ಮಾಡುತ್ತಾರೆ ಎಂಬುದನ್ನು ಹೇಳುತ್ತವೆ. ಗುಡಿಸುವುದು ಎಂದರೆ ಪೊರಕೆ ಹಿಡಿದು ಕೈಯಾಡಿಸುವುದು. ನೆಲ ಸ್ವಚ್ಛವಾಯಿತೋ ಇಲ್ಲವೋ ಬೇರೆ ಮಾತು. ಇಂಥ ಪದಗಳು ಕರ್ಮವನ್ನು ಸುಲಭವಾಗಿ ಬಿಡುತ್ತವೆ. ಇನ್ನು ಕೆಲವು, ವಸ್ತುವಿಗೆ ಏನಾಯಿತು ಎಂಬುದನ್ನು ಹೇಳುತ್ತವೆ. ಒಡೆಯುವುದು ಎಂದರೆ ವಸ್ತು ಚೂರಾಗುವುದು. ಕಲ್ಲಿನಿಂದ ಒಡೆದರೋ ಕೈಜಾರಿ ಒಡೆಯಿತೋ ಆ ಪದ ಹೇಳುವುದಿಲ್ಲ. ಕಥೆಯೇ ವಸ್ತುವಿನದ್ದಾದಾಗ ವಸ್ತುವನ್ನು ಬಿಡುವುದು ಹೇಗೆ?

'ಈಟ್' ಮತ್ತು 'ಡಿವೌರ್' ವ್ಯತ್ಯಾಸವೂ ಇಲ್ಲಿಂದ ಸ್ವಲ್ಪ ತಿಳಿಯಾಗುತ್ತದೆ. 'ಈಟ್' ಒಂದು ಚಟುವಟಿಕೆ. 'ಡಿವೌರ್' ಎಂದರೆ ತಟ್ಟೆಯಲ್ಲಿದ್ದದ್ದು ಖಾಲಿಯಾಯಿತು ಎಂಬ ಫಲಿತಾಂಶ.

ಆದರೆ 'ಸ್ಮೋಕಿಂಗ್ ಕಿಲ್ಸ್' ಎಂಬ ಎಚ್ಚರಿಕೆಯನ್ನು ನಾವೆಲ್ಲ ನೋಡಿದ್ದೇವೆ. 'ಕಿಲ್' ಎಂಬುದು ಶುದ್ಧ ಫಲಿತಾಂಶದ ಪದ, ಕರ್ಮ ಎಲ್ಲಿ? ನಮ್ಮ ಹೆದ್ದಾರಿಗಳ ಪಕ್ಕದ 'ಸ್ಪೀಡ್ ಥ್ರಿಲ್ಸ್ ಬಟ್ ಕಿಲ್ಸ್' ಫಲಕದಲ್ಲಂತೂ ಎರಡೆರಡು ಕರ್ಮಗಳು ನಾಪತ್ತೆ!

ಇದಕ್ಕೆ ಉತ್ತರ ಅಡೆಲ್ ಗೋಲ್ಡ್‌ಬರ್ಗ್ ಅವರ 2001ರ ಪ್ರಬಂಧದಲ್ಲಿದೆ. ಒಂದು ಸಲ ನಡೆದ ಘಟನೆಯನ್ನು ಹೇಳುವಾಗ ಬಿಡಲಾಗದ ಕರ್ಮವನ್ನು, ಮತ್ತೆ ಮತ್ತೆ ನಡೆಯುವ ಕ್ರಿಯೆ, ಸ್ವಭಾವ ಅಥವಾ ಎದುರುಬದುರು ಹೋಲಿಕೆಯನ್ನು ಹೇಳುವಾಗ ಬಿಡಬಹುದು. ಆಗ ಒತ್ತು ಕ್ರಿಯೆಯ ಮೇಲೆ ಬೀಳುತ್ತದೆ, ಯಾರು ಸತ್ತರು ಎಂಬುದು ಆ ಕ್ಷಣಕ್ಕೆ ಮುಖ್ಯವಲ್ಲ. 'ದಿಸ್ ಡಾಗ್ ಬೈಟ್ಸ್' ಎಂದರೆ 'ಈ ನಾಯಿ ಕಚ್ಚುತ್ತೆ, ಹುಷಾರು' ಎಂದು. ಅದು ಸರಿ. ನಿನ್ನೆ ಒಮ್ಮೆ ಕಚ್ಚಿದ್ದನ್ನು ಹೇಳಲು 'ದ ಡಾಗ್ ಬಿಟ್' ಎಂದರೆ 'ಯಾರನ್ನು?' ಎಂಬ ಪ್ರಶ್ನೆ ಬಂದೇ ಬರುತ್ತದೆ. ಪಾತ್ರೆ ತೊಳೆಯುವಾಗ 'ಯೂ ವಾಶ್, ಐ ವಿಲ್ ಡ್ರೈ' ಎಂದು ಕೆಲಸ ಹಂಚಿಕೊಳ್ಳುವುದು ಹೋಲಿಕೆಯ ಉದಾಹರಣೆ.

ಲೇಬಲ್, ಅಡುಗೆ ಪುಸ್ತಕ, ಯೂಟ್ಯೂಬ್

ಇಂಗ್ಲಿಷ್ ತನ್ನ ಬಿಗಿಯನ್ನು ಪೂರ್ತಿ ಸಡಿಲಿಸುವ ಒಂದು ಜಾಗವಿದೆ, ಅದು ಸೂಚನೆಗಳು. ಔಷಧ ಬಾಟಲಿಯ ಮೇಲೆ 'ಶೇಕ್ ವೆಲ್ ಬಿಫೋರ್ ಯೂಸ್', ಪೆಟ್ಟಿಗೆಯ ಮೇಲೆ 'ಹ್ಯಾಂಡಲ್ ವಿತ್ ಕೇರ್', ಅಡುಗೆ ಪುಸ್ತಕದಲ್ಲಿ 'ಪೀಲ್, ಚಾಪ್ ಅಂಡ್ ಫ್ರೈ'. ಮಾತಿನಲ್ಲಿ ಕರ್ಮ ಬಿಡದ ಪದಗಳೂ ಇಲ್ಲಿ ಆರಾಮಾಗಿ ಬಿಡುತ್ತವೆ. ಡಯಾನ್ ಮಾಸಮ್ ಮತ್ತು ಈವ್ ರೋಬೆರ್ಜ್ 1989ರಲ್ಲಿ ಅಡುಗೆ ಪುಸ್ತಕಗಳ ಈ ಭಾಷೆಯ ಬಗ್ಗೆಯೇ ಬರೆದಿದ್ದಾರೆ.

ಇಲ್ಲಿ ಕರ್ಮ ಕಣ್ಣೆದುರಿಗೇ ಇರುತ್ತದೆ. ಲೇಬಲ್ ಯಾವುದಕ್ಕೆ ಅಂಟಿದೆಯೋ ಅದೇ ಕರ್ಮ. ವಿಡಿಯೋದ ಕೊನೆಯಲ್ಲಿ 'ಲೈಕ್, ಶೇರ್ ಅಂಡ್ ಸಬ್‌ಸ್ಕ್ರೈಬ್' ಎನ್ನುವುದೂ ಇದೇ ಜಾತಿಯದ್ದು. 'ಐ ಲೈಕ್' ತಪ್ಪಾದರೂ ಅಲ್ಲಿ 'ಲೈಕ್' ಸರಿ, ಏಕೆಂದರೆ ನೋಡುತ್ತಿರುವ ವಿಡಿಯೋನೇ ಕರ್ಮ.

ಅಪಾಯ ಬರುವುದು ಕಣ್ಣೆದುರು ಒಂದಕ್ಕಿಂತ ಹೆಚ್ಚು ವಸ್ತುಗಳಿದ್ದಾಗ. ಮಕ್ಕಳಿಗೆ ಕೊಡುವ ಕೆಲವು ಆಂಟಿಬಯಾಟಿಕ್‌ಗಳು ಪುಡಿಯ ರೂಪದಲ್ಲಿ ಬರುತ್ತವೆ, ಜೊತೆಗೆ ಚಿಕ್ಕ ನೀರಿನ ಬಾಟಲಿ ಇರುತ್ತದೆ. 'ಯೂಸ್ ವಿತಿನ್ 7 ಡೇಸ್' ಎಂದು ಬರೆದಿದ್ದರೆ ಯಾವುದನ್ನು? ಅಂಗಡಿಯಿಂದ ತಂದ ಪುಡಿಯನ್ನಲ್ಲ, ನೀರು ಬೆರೆಸಿ ಸಿದ್ಧಪಡಿಸಿದ ಔಷಧವನ್ನು. ಎಣಿಕೆ ಶುರುವಾಗುವುದು ಬೆರೆಸಿದ ದಿನದಿಂದ. ಎಷ್ಟು ದಿನ ಎಂಬುದು ಔಷಧದಿಂದ ಔಷಧಕ್ಕೆ ಬೇರೆ, ಲೇಬಲ್ ನೋಡಲೇಬೇಕು. 'ಡು ನಾಟ್ ಕ್ರಶ್ ಆರ್ ಚ್ಯೂ' ಎಂದಿದ್ದರೆ, ನಿಧಾನವಾಗಿ ಕರಗುವಂತೆ ಮಾಡಿದ ಆ ಮಾತ್ರೆಯನ್ನು ಪುಡಿ ಮಾಡಬೇಡಿ, ಅಗಿಯಬೇಡಿ ಎಂದರ್ಥ. ಪುಡಿ ಮಾಡಿದರೆ ಇಡೀ ದಿನಕ್ಕೆಂದು ಇಟ್ಟ ಔಷಧ ಒಮ್ಮೆಲೇ ರಕ್ತಕ್ಕೆ ಸೇರಬಹುದು. ಮಾತ್ರೆಯನ್ನು ಪೊಟ್ಟಣದಿಂದ ಬಿಡಿಸಿ ಡಬ್ಬಿಗೆ ಹಾಕಿದ ಕೂಡಲೇ ಈ ಸೂಚನೆಗೂ ಅದರ ಕರ್ಮಕ್ಕೂ ಇದ್ದ ನಂಟು ಕಡಿದುಹೋಗುತ್ತದೆ. ಅಜ್ಜ ಅಜ್ಜಿಯರಿಗೆ ವಾರದ ಮಾತ್ರೆಗಳನ್ನು ಡಬ್ಬಿಯಲ್ಲಿ ಜೋಡಿಸಿ ಕೊಡುವವರು ಇದನ್ನು ನೆನಪಿಡಬೇಕು.

ಕರ್ಮಲೋಪದಂತೆ ಕಂಡರೂ ಅಲ್ಲದವು

'ದ ಡೋರ್ ಓಪನ್ಡ್' ಎಂಬುದರಲ್ಲಿ ಕರ್ಮ ಬಿಟ್ಟುಹೋಗಿಲ್ಲ. ತೆರೆದುಕೊಂಡ ಬಾಗಿಲೇ ಅಲ್ಲಿ ಕರ್ತೃವಿನ ಜಾಗಕ್ಕೆ ಬಂದಿದೆ. ಕನ್ನಡದಲ್ಲಿ ನಾವು 'ತೆರೆದೆ', 'ತೆರೆದುಕೊಂಡಿತು' ಎಂದು ರೂಪವನ್ನೇ ಬದಲಿಸುತ್ತೇವೆ, ಇಂಗ್ಲಿಷ್ ಒಂದೇ ರೂಪದಲ್ಲಿ ಎರಡನ್ನೂ ನಿಭಾಯಿಸುತ್ತದೆ. 'ಹಿ ಶೇವ್ಡ್' ಎಂದರೆ ಏನನ್ನೋ ಅಲ್ಲ, ತನ್ನದೇ ಗಡ್ಡ. 'ದೇ ಮೆಟ್' ಎಂದರೆ ಒಬ್ಬರನ್ನೊಬ್ಬರು ಭೇಟಿಯಾದರು. ಇವುಗಳಲ್ಲಿ ಕಾಣದ ಕರ್ಮ ವಾಕ್ಯದ ಒಳಗೇ ಇದೆ.

ಇದು ಹೊಸ ಪ್ರಶ್ನೆಯೇ?

ಖಂಡಿತ ಅಲ್ಲ. ಸುಮಾರು 5ನೇ ಶತಮಾನದ ವೈಯಾಕರಣ ಭರ್ತೃಹರಿ 'ವಾಕ್ಯಪದೀಯ'ದಲ್ಲಿ ಸಂಸ್ಕೃತದ ಬಗ್ಗೆ ಇದೇ ಪ್ರಶ್ನೆ ಎತ್ತಿಕೊಂಡು, ಸಕರ್ಮಕ ಧಾತು ಅಕರ್ಮಕವಾಗಲು ನಾಲ್ಕು ಕಾರಣ ಕೊಟ್ಟಿದ್ದಾನೆ. ಧಾತು ಬೇರೆ ಅರ್ಥಕ್ಕೆ ಹೊರಳುವುದು, ಕರ್ಮ ಧಾತುವಿನ ಅರ್ಥದೊಳಗೇ ಅಡಗಿರುವುದು, ಕರ್ಮ ಯಾವುದೆಂದು ಎಲ್ಲರಿಗೂ ಪ್ರಸಿದ್ಧವಾಗಿರುವುದು ಮತ್ತು ಅದನ್ನು ಹೇಳುವ ಇಚ್ಛೆ ಇಲ್ಲದಿರುವುದು. ಮೋಡ ಸುರಿಸುತ್ತದೆ ಎಂದರೆ ಏನನ್ನು ಎಂದು ಯಾರೂ ಕೇಳುವುದಿಲ್ಲ, ನೀರು ಎಂಬುದು ಪ್ರಸಿದ್ಧ. 'ಹಿ ಡ್ರಿಂಕ್ಸ್' ಮೂರನೆಯ ಕಾರಣಕ್ಕೆ, 'ಸ್ಮೋಕಿಂಗ್ ಕಿಲ್ಸ್' ನಾಲ್ಕನೆಯದಕ್ಕೆ ಚೆನ್ನಾಗಿ ಹೊಂದುತ್ತವೆ. ಭಾಷೆ ಬೇರೆಯಾದರೂ ಪ್ರಶ್ನೆ ಒಂದೇ.

ಹಾಗಾದರೆ ನಾವು ಮಾಡಬೇಕಾದದ್ದೇನು?

ಇಂಗ್ಲಿಷ್‌ನಲ್ಲಿ ಕರ್ಮ ಬಿಡುವ ಮುನ್ನ ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು.

1. ನಾವು ಹೇಳುತ್ತಿರುವುದು ಬರೀ ಚಟುವಟಿಕೆಯೇ? ಓದುವುದು, ಬರೆಯುವುದು, ಅಡುಗೆ ಮಾಡುವುದು, ಗುಡಿಸುವುದು ಇಂಥದ್ದಾದರೆ ಬಿಡಬಹುದು. ಆದರೆ ಕೇಳುಗ ರೂಢಿಯ ಕರ್ಮವನ್ನೇ ತುಂಬಿಕೊಳ್ಳುತ್ತಾನೆ ಎಂಬುದು ನೆನಪಿರಲಿ.

2. ಈಗಾಗಲೇ ಹೆಸರಿಸಿದ ಒಂದು ನಿರ್ದಿಷ್ಟ ವಸ್ತುವಿನ ಬಗ್ಗೆ ಮಾತೇ? ಹಾಗಿದ್ದರೆ 'ಇಟ್' ಅಥವಾ 'ದೆಮ್' ಸೇರಿಸುವುದೇ ಕ್ಷೇಮ. 'ನೋ', 'ಫರ್ಗೆಟ್', 'ಟ್ರೈ', 'ವಿನ್' ಮುಂತಾದ ಕೆಲವು ಪದಗಳಿಗೆ ಮಾತ್ರ ವಿನಾಯಿತಿ. ಇವುಗಳನ್ನು ಪದದ ಜೊತೆಗೇ ಕಲಿಯಬೇಕು.

3. ಸ್ವಭಾವ, ಹೋಲಿಕೆ ಅಥವಾ ಸೂಚನೆಯೇ? ಆಗ ಹಟಮಾರಿ ಪದಗಳೂ ಸಡಿಲಾಗುತ್ತವೆ.

ಅನುಮಾನ ಬಂದಾಗ ಕರ್ಮ ಸೇರಿಸಿಬಿಡಿ. ಅನಗತ್ಯ 'ಇಟ್'ನಿಂದ ಆಗುವ ನಷ್ಟ ಹೆಚ್ಚೆಂದರೆ ಒಂದು ಅಕ್ಷರಮಾತ್ರದ ಪದ. ಅಗತ್ಯವಿದ್ದಲ್ಲಿ ಬಿಟ್ಟರೆ ಕೇಳುಗ ತನಗೆ ರೂಢಿಯಿರುವುದನ್ನು ತುಂಬಿಕೊಳ್ಳುತ್ತಾನೆ, ಅದು ನಾವು ಹೇಳಿದ್ದೇ ಆಗಿರಬೇಕೆಂದಿಲ್ಲ. ಲ್ಯಾಬಿನಲ್ಲಿ, ಔಷಧ ಅಂಗಡಿಯಲ್ಲಿ, ಆಪರೇಷನ್‌ಗೆ ಮುನ್ನ ಯಾರಾದರೂ ಕರ್ಮವಿಲ್ಲದ ಪ್ರಶ್ನೆ ಕೇಳಿದರೆ, ಅದು ಯಾವ ಭಾಷೆಯಲ್ಲೇ ಇರಲಿ, ಉತ್ತರಿಸುವ ಮೊದಲು 'ಏನನ್ನು?' ಎಂದು ತಿರುಗಿ ಕೇಳಿ.